ಅಡಿಕೆ ಸುಲಿಯುವ ಕೈಗಳನ್ನು ಮಾರಾಟಕ್ಕೆ ಇಡುವ ಮುನ್ನ

ಸ್ಟಾಕ್ ವಿಡಿಯೊ, ಅಂದರೆ ಬೇಕಾದವರು ಕೊಂಡು ತಮ್ಮ ಚಿತ್ರದಲ್ಲಿ ಬಳಸಲಿ ಅಂತ ಸೈಟಿನಲ್ಲಿ ಇಡುವ ಚಿಕ್ಕ ತುಣುಕು, ಮಾರಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳುವವರು ಈಗ ಜಾಸ್ತಿ ಆಗಿದ್ದಾರೆ. ಹೆಚ್ಚಿನವರ ಕೈಯಲ್ಲಿ ಒಳ್ಳೆಯ ಫೋನ್ ಇದೆ. ಕೆಲವರು ಕ್ಯಾಮೆರಾ ತಗೊಂಡಿದ್ದಾರೆ. ಮದುವೆ ವಿಡಿಯೊ ಮಾಡುವ ಹುಡುಗರು ಆಷಾಢದಲ್ಲಿ ಕೆಲಸ ಇಲ್ಲ, ಇದನ್ನಾದರೂ ನೋಡೋಣ ಅಂತ ಬರುತ್ತಾರೆ. ಮೊದಲ ಪ್ರಶ್ನೆ ಯಾವ ಕ್ಯಾಮೆರಾ. ಎರಡನೆಯದು ತಿಂಗಳಿಗೆ ಎಷ್ಟು ಸಿಗುತ್ತೆ. ಎರಡಕ್ಕೂ ಉತ್ತರ ಕೆಳಗೆ ಹೇಳುತ್ತೇನೆ. ಆದರೆ ಸಾಗರದ ಕಡೆಯ ಅಡಿಕೆ ಮನೆಗಳ ಅಂಗಳದಲ್ಲಿ ಟ್ರೈಪಾಡ್ ಇಟ್ಟುಕೊಂಡು ಕೂತಾಗಲೆಲ್ಲ ನನಗೆ ದೊಡ್ಡದಾಗಿ ಕಾಣುವುದು ಬೇರೆ ಪ್ರಶ್ನೆ. ನಾವು ಮಾರಿದ ಹತ್ತು ಹದಿನೈದು ಸೆಕೆಂಡು ಎಲ್ಲಿಗೆ ಹೋಗುತ್ತೆ? ಅದರೊಳಗೆ ಇರುವವರಿಗೆ ಅದು ಗೊತ್ತಾ?

ಮೊದಲು ವ್ಯಾಪಾರ ಹೇಗೆ ನಡೆಯುತ್ತದೆ ನೋಡೋಣ. ಯಾರೋ ಜರ್ಮನಿಯಲ್ಲಿ ಕೂತು ಏಷ್ಯಾದ ಕೃಷಿ ಬಗ್ಗೆ ಒಂದು ಚಿತ್ರ ಮಾಡುತ್ತಿರುತ್ತಾರೆ ಅಂದುಕೊಳ್ಳಿ. ಅವರಿಗೆ ಭಾರತದ ಒಂದು ತೋಟದ ಎಂಟು ಸೆಕೆಂಡಿನ ದೃಶ್ಯ ಬೇಕು. ಅಷ್ಟಕ್ಕೇ ವಿಮಾನ ಹತ್ತಿ ಬರೋಕೆ ಆಗಲ್ಲ. ಸ್ಟಾಕ್ ಸೈಟಿಗೆ ಹೋಗಿ ಹುಡುಕುತ್ತಾರೆ, ಒಪ್ಪಿಗೆಯಾದರೆ ಲೈಸೆನ್ಸ್ ಕೊಳ್ಳುತ್ತಾರೆ. ಇದನ್ನೇ ರಾಯಲ್ಟಿ ಫ್ರೀ ಅನ್ನುವುದು. ಹೆಸರು ಕೇಳಿ ಪುಕ್ಕಟೆ ಅಂದುಕೊಳ್ಳಬೇಡಿ. ಒಂದು ಸಲ ದುಡ್ಡು ಕೊಟ್ಟರೆ ಬಳಸಿದಷ್ಟು ಸಲವೂ ಮತ್ತೆ ಕೊಡಬೇಕಾಗಿಲ್ಲ, ಅಷ್ಟೇ. ಕ್ಲಿಪ್ ನಿಮ್ಮದಾಗಿಯೇ ಉಳಿಯುತ್ತದೆ. ಅದನ್ನೇ ನಾಳೆ ಇನ್ನೊಬ್ಬರು ಕೊಳ್ಳಬಹುದು.

ಈ ಬಜಾರು ಬಹಳ ಹಳೆಯದೇನಲ್ಲ. ಐಸ್ಟಾಕ್ 2000ರಲ್ಲಿ ಕೆನಡಾದಲ್ಲಿ ಶುರುವಾಯಿತು, ಆಗ ಬರೀ ಫೋಟೊ. 2003ರಲ್ಲಿ ಶಟರ್‌ಸ್ಟಾಕ್ ಬಂತು. 2006ರಲ್ಲಿ ಪಾಂಡ್5 ಬಂತು. ಅಲ್ಲಿ ವಿಡಿಯೊಗೇ ಹೆಚ್ಚು ಮಹತ್ವ, ಬೆಲೆಯನ್ನೂ ನಾವೇ ಇಡಬಹುದಿತ್ತು. ಅದೇ ವರ್ಷ ಗೆಟ್ಟಿ ಇಮೇಜಸ್ ಐಸ್ಟಾಕನ್ನು ಕೊಂಡಿತು. 2015ರಲ್ಲಿ ಅಡೋಬಿ ಸ್ಟಾಕ್ ಬಾಗಿಲು ತೆರೆಯಿತು. 2022ರಲ್ಲಿ ಪಾಂಡ್5 ಶಟರ್‌ಸ್ಟಾಕ್ ಪಾಲಾಯಿತು. 2025ರ ಜನವರಿಯಲ್ಲಿ ಗೆಟ್ಟಿ ಮತ್ತು ಶಟರ್‌ಸ್ಟಾಕ್ ಒಂದಾಗುವುದಾಗಿ ಘೋಷಿಸಿದವು. ಇಷ್ಟನ್ನು ಯಾಕೆ ಹೇಳಿದೆ ಅಂದರೆ, ಅಂಗಡಿಗಳು ಕಡಿಮೆ ಆಗುತ್ತಾ ಹೋದಂತೆ ಮಾಲು ಕೊಡುವವನ ಮಾತಿಗೆ ಬೆಲೆ ಕಡಿಮೆ ಆಗುತ್ತದೆ. ಅಡಿಕೆ ಮಂಡಿಗೆ ಹೋಗಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ದುಡ್ಡಿನ ಮಾತು. ಅಡೋಬಿ ಸ್ಟಾಕ್ ವಿಡಿಯೊ ಮಾರಿದ ಬೆಲೆಯಲ್ಲಿ ನಮಗೆ ಶೇ. 35 ಕೊಡುತ್ತದೆ. ಶಟರ್‌ಸ್ಟಾಕ್ 2020ರ ಜೂನ್‌ನಿಂದ ಮೆಟ್ಟಿಲ ಲೆಕ್ಕ ತಂದಿತು. ಶೇ. 15ರಿಂದ ಶುರು, ವರ್ಷದಲ್ಲಿ ಎಷ್ಟು ಮಾರಾಟ ಆಯಿತು ಅನ್ನುವುದರ ಮೇಲೆ ಶೇ. 40ರವರೆಗೆ ಏರಬಹುದು. ಆದರೆ ಜನವರಿ 1 ಬಂದರೆ ಎಲ್ಲರೂ ಮತ್ತೆ ಕೆಳಗಿನ ಮೆಟ್ಟಿಲಿಗೆ. ಹೊಸದಾಗಿ ಬರುವವರಿಗೆ ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಒಂದು ಕ್ಲಿಪ್‌ಗೆ ಕೆಲವು ಸಲ ಇಪ್ಪತ್ತು ಮೂವತ್ತು ಡಾಲರ್ ಬರಬಹುದು. ಚಂದಾದಾರರು ಇಳಿಸಿಕೊಂಡರೆ ಒಂದು ಡಾಲರ್ ಕೂಡ ಬರದೇ ಇರಬಹುದು. ಮೊದಲ ಮಾರಾಟಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಕೆಲಸ ಬಿಟ್ಟು ಇದಕ್ಕೆ ಇಳಿಯುತ್ತೇನೆ ಅನ್ನುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಇರುವ ಕೆಲಸದ ಜೊತೆ ಮಾಡಿ, ನಿಧಾನಕ್ಕೆ ಬೆಳೆಯಲಿ.

ತೆರಿಗೆ ವಿಷಯದಲ್ಲಿ ಒಂದೇ ಮಾತು. ಅಮೆರಿಕದ ಕಂಪನಿಗಳು ಡಬ್ಲ್ಯು-8ಬೆನ್ ಅನ್ನುವ ಫಾರ್ಮ್ ಕೇಳುತ್ತವೆ. ಅದನ್ನು ತುಂಬಿ ನಮ್ಮ ಪ್ಯಾನ್ ನಂಬರ್ ಕೊಟ್ಟರೆ, ಎರಡು ದೇಶಗಳ ಒಪ್ಪಂದದ ಪ್ರಕಾರ ಅಲ್ಲಿನ ಮಾರಾಟದ ರಾಯಲ್ಟಿಗೆ ಶೇ. 15 ಹಿಡಿಯುತ್ತಾರೆ. ತುಂಬದಿದ್ದರೆ ಶೇ. 30. ಖಾತೆ ತೆರೆದ ದಿನವೇ ಇದನ್ನು ಮುಗಿಸಿ. ಉಳಿದದ್ದಕ್ಕೆ ನಿಮ್ಮೂರಿನ ಆಡಿಟರ್ ಇದ್ದಾರೆ.

ಏನು ಶೂಟ್ ಮಾಡಬೇಕು? ಶುರು ಮಾಡುವವರೆಲ್ಲ ಜೋಗಕ್ಕೆ ಹೋಗುತ್ತಾರೆ. ಮಳೆಗಾಲದ ಜೋಗ ನೋಡಿ ಯಾರಿಗೆ ಕ್ಯಾಮೆರಾ ತೆಗೆಯಬೇಕು ಅನ್ನಿಸಲ್ಲ ಹೇಳಿ. ಆದರೆ ಅದೇ ಕಟಾಂಜನದ ಪಕ್ಕ ನಿಂತು, ಅದೇ ಕೋನದಿಂದ, ಅದೇ ಮಂಜು ಸರಿಯುವುದನ್ನು ಸಾವಿರಾರು ಜನ ಆಗಲೇ ಹಿಡಿದು ಹಾಕಿದ್ದಾರೆ. ಸೂರ್ಯೋದಯ, ಸಮುದ್ರದ ಅಲೆ, ಲ್ಯಾಪ್‌ಟಾಪ್ ಮೇಲೆ ಓಡುವ ಬೆರಳು, ಇವಕ್ಕೂ ಇದೇ ಗತಿ. ಗುಂಡ್ಲುಪೇಟೆಯ ಸೂರ್ಯಕಾಂತಿ ಹೊಲದ ಕತೆಯೂ ಅಷ್ಟೇ. ಚೆಂದ ಇದೆ ಅನ್ನುವ ಒಂದೇ ಕಾರಣಕ್ಕೆ ಯಾರೂ ಕೊಳ್ಳಲ್ಲ. ಬೇಕಾಗಿದೆ, ಬೇರೆ ಕಡೆ ಸಿಗುತ್ತಿಲ್ಲ ಅಂದಾಗ ಕೊಳ್ಳುತ್ತಾರೆ.

ಬೇರೆ ಕಡೆ ಸಿಗದೇ ಇರುವುದು ನಮ್ಮ ಸುತ್ತ ನಡೆಯುವ ಕೆಲಸ. ಕೆಲಸಕ್ಕೆ ಹಂತಗಳಿವೆ, ಋತು ಇದೆ, ಆ ಊರಿನವನಿಗೆ ಮಾತ್ರ ಗೊತ್ತಿರುವ ಹೊತ್ತು ಇದೆ. ಅಡಿಕೆಯನ್ನೇ ತಗೊಳ್ಳಿ. ಮಳೆ ಹಿಡಿಯುವ ಮುಂಚೆ ಕೊನೆಗಳಿಗೆ, ಅಂದರೆ ಅಡಿಕೆ ಗೊಂಚಲುಗಳಿಗೆ, ಕೊಟ್ಟೆ ಅನ್ನುವ ಹೊದಿಕೆ ಕಟ್ಟುತ್ತಾರೆ. ಕೊಳೆ ರೋಗ ತಡೆಯೋಕೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಆ ನೀಲಿ ಬಣ್ಣ ಎಲೆ ಮೇಲೆ, ಬಟ್ಟೆ ಮೇಲೆ, ಎಲ್ಲದರ ಮೇಲೂ ಕೂರುತ್ತದೆ. ಮಳೆಗಾಲ ಮುಗಿದ ಮೇಲೆ ಕೊನೆ ಕೊಯ್ಯುವ ಕೊನೆಗೌಡ ಮರ ಹತ್ತುತ್ತಾನೆ. ಒಂದು ಮರದ ತುದಿಯಿಂದ ಬಾಗಿ ಇನ್ನೊಂದನ್ನು ಹಿಡಿದು ದಾಟುತ್ತಾನೆ, ಕೆಳಗೆ ಇಳಿಯುವ ಮಾತೇ ಇಲ್ಲ. ಕೊಯ್ದ ಕೊನೆ ಹಗ್ಗದ ಮೇಲೆ ಜಾರಿ ಬರುತ್ತದೆ, ಕೆಳಗೊಬ್ಬ ಹಿಡಿಯುತ್ತಾನೆ. ಆಮೇಲೆ ಸುಲಿಯುವುದು, ಚೊಗರಿನಲ್ಲಿ (ಅಡಿಕೆ ಬೇಯಿಸಿ ಉಳಿದ ಕೆಂಪು ರಸ) ಬೇಯಿಸುವುದು, ಬಿಸಿಲಿಗೆ ಹರಡುವುದು, ಆರಿಸುವುದು. ಕರಾವಳಿ ಕಡೆ ಚಾಲಿ ಅಡಿಕೆಗೆ ಬೇಯಿಸುವ ಹಂತವೇ ಇಲ್ಲ, ಹಣ್ಣಡಿಕೆಯನ್ನು ಹಾಗೇ ಒಣಗಿಸುತ್ತಾರೆ. ಎರಡೂ ಒಂದೇ ಅಂದುಕೊಂಡು ಬರುವ ಹೊರಗಿನ ಕ್ಯಾಮೆರಾದವನಿಗೆ ಈ ವ್ಯತ್ಯಾಸ ಕಾಣಲ್ಲ. ನಿಮಗೆ ಕಾಣುತ್ತದೆ. ನಿಮ್ಮ ಬಂಡವಾಳ ಅದೇ. ಕೊಡಗಿನವರಿಗೆ ಕಾಫಿ ಹೂವು, ರಾಮನಗರದವರಿಗೆ ಗೂಡಿನ ಮಾರುಕಟ್ಟೆ, ಚನ್ನಪಟ್ಟಣದವರಿಗೆ ಅರಗು ಹಚ್ಚುವ ಲೇತು, ವಿಜಯಪುರದವರಿಗೆ ರೊಟ್ಟಿ ಬಡಿಯುವ ಕೈ.

ಸುಲಿಯುವ ರಾತ್ರಿಯನ್ನು ಹೇಗೆ ಶೂಟ್ ಮಾಡುತ್ತೇನೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕಲಿಯಬೇಕಾದ್ದು ಬಹುಪಾಲು ಅದರಲ್ಲೇ ಇದೆ.

ಅಂಗಳದಲ್ಲಿ ಬಲ್ಬು ಉರಿಯುತ್ತಿರುತ್ತದೆ. ಸಾಲಾಗಿ ಮೆಟ್ಟುಗತ್ತಿ ಹಾಕಿಕೊಂಡು ಕೂತಿರುತ್ತಾರೆ, ಮಣೆಯನ್ನು ಕಾಲಲ್ಲಿ ಒತ್ತಿ ಹಿಡಿದು. ಹಸಿ ಅಡಿಕೆ ಎತ್ತಿ ಕತ್ತಿಗೆ ಒತ್ತಿ ಒಂದು ತಿರುವು ಕೊಟ್ಟರೆ ಸಿಪ್ಪೆ ಬಿಚ್ಚಿಕೊಂಡು ಒಳಗಿನದು ಬುಟ್ಟಿಗೆ ಬೀಳುತ್ತದೆ. ಕಣ್ಣು ಕತ್ತಿ ಮೇಲೆ ಇರುವುದೇ ಇಲ್ಲ. ಮಾತು ಎಲ್ಲೆಲ್ಲೋ ಹೋಗುತ್ತಿರುತ್ತದೆ, ಕೈ ತನ್ನ ಪಾಡಿಗೆ ನಡೆಯುತ್ತಿರುತ್ತದೆ. ಬೆರಳುಗಳು ಅಡಿಕೆ ರಸಕ್ಕೆ ಕಪ್ಪಾಗಿರುತ್ತವೆ. ಕೆಲವರು ಹೆಬ್ಬೆರಳಿಗೆ ಹಳೆ ಬಟ್ಟೆ ಸುತ್ತಿಕೊಂಡಿರುತ್ತಾರೆ. ಆ ಬಟ್ಟೆಯ ಮೇಲೆ ಕತ್ತಿ ತಾಗಿ ತಾಗಿ ಎದ್ದ ಎಳೆಗಳು ಕೂಡ ಹತ್ತಿರದಿಂದ ಕಾಣುತ್ತವೆ.

ಇಲ್ಲಿ ಹೊಸಬರಿಗೆ ಮೊದಲು ಎದುರಾಗುವುದು ಬೆಳಕಿನ ಮಿನುಗು. ನಮ್ಮ ಕರೆಂಟು 50 ಹರ್ಟ್ಸ್. ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ, ಬರಿಗಣ್ಣಿಗೆ ಗೊತ್ತಾಗಲ್ಲ. ಅಮೆರಿಕದವರ ಪಾಠ ನೋಡಿಕೊಂಡು ಸೆಕೆಂಡಿಗೆ 30 ಫ್ರೇಮು, ಶಟರ್ 1/60 ಅಂತ ಇಟ್ಟರೆ ದೃಶ್ಯದ ತುಂಬಾ ಕಪ್ಪು ಪಟ್ಟಿಗಳು ಹರಿದಾಡುತ್ತವೆ. ಅವರದು 60 ಹರ್ಟ್ಸ್, ಅವರಿಗೆ ಅದು ಸರಿ. ನಮ್ಮಲ್ಲಿ ದೀಪದ ಕೆಳಗೆ 25 ಫ್ರೇಮು, ಶಟರ್ 1/50 ಇಡಿ, ಬೇಕಾದರೆ 1/100. ಹಗಲಿನ ಬಿಸಿಲಿಗೆ ಈ ತಲೆನೋವು ಇಲ್ಲ. ಫೋನಿನಲ್ಲಾದರೆ ಎಕ್ಸ್‌ಪೋಶರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರನ್ನೂ ಲಾಕ್ ಮಾಡಿ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಅನ್ನುವ ಆ್ಯಪ್ ಪುಕ್ಕಟೆ ಸಿಗುತ್ತದೆ, ಅದರಲ್ಲಿ ಇದೆಲ್ಲ ಸುಲಭ. ಕತ್ತಲೆಯಲ್ಲಿ ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕು ಹಿಡಿಯುವ ಸೂಕ್ಷ್ಮತೆ, ಏರಿಸುತ್ತಾ ಹೋದರೆ ದೃಶ್ಯದಲ್ಲಿ ಕಾಳು ಕಾಳು ನಾಯ್ಸ್ ಬರುತ್ತದೆ. ತಿರಸ್ಕಾರಕ್ಕೆ ಅದೊಂದೇ ಸಾಕು. ಬಲ್ಬನ್ನು ಇನ್ನೊಂದು ಮೊಳ ಕೆಳಗೆ ಇಳಿಸಿ ಕಟ್ಟಲು ಕೇಳಿಕೊಳ್ಳಿ. ಸುಲಿಯುವವರಿಗೂ ಒಳ್ಳೆಯದೇ.

ಆಮೇಲೆ ಟ್ರೈಪಾಡ್ ಊರಿ ಸುಮ್ನೆ ಇರಬೇಕು. ಇದು ಮದುವೆ ವಿಡಿಯೊ ಮಾಡಿದ ಕೈಗೆ ಕಷ್ಟ. ಅವರು ಕ್ಯಾಮೆರಾ ತಿರುಗಿಸುತ್ತಲೇ ಇರುತ್ತಾರೆ. ಕೊಳ್ಳುವವರಿಗೆ ಬೇಕಾದ್ದು ತಮ್ಮ ಚಿತ್ರದ ನಡುವೆ ಕೂರಿಸಬಹುದಾದ ತುಂಡು. ಹೆಚ್ಚಿನ ಸೈಟುಗಳು 5ರಿಂದ 60 ಸೆಕೆಂಡಿನ ಕ್ಲಿಪ್ ತಗೊಳ್ಳುತ್ತವೆ. ನಾನು ಹತ್ತರಿಂದ ಇಪ್ಪತ್ತರ ಒಳಗೆ ಇಡುತ್ತೇನೆ. ಒಂದೇ ಕೆಲಸವನ್ನು ಮೂರು ದೂರದಿಂದ ಹಿಡಿಯುತ್ತೇನೆ. ಇಡೀ ಸಾಲು, ಒಬ್ಬರು, ಆಮೇಲೆ ಬರೀ ಕೈ ಮತ್ತು ಕತ್ತಿ. ಮೂರೂ ಒಟ್ಟಿಗೆ ಸಿಕ್ಕಿದರೆ ಎಡಿಟ್ ಮಾಡುವವರು ಮೂರನ್ನೂ ಕೊಳ್ಳುವ ಸಾಧ್ಯತೆ ಇದೆ. ಒಂದು ಪಕ್ಕದಲ್ಲಿ ಅಕ್ಷರ ಬರೆಯಲು ಜಾಗ ಖಾಲಿ ಬಿಡಿ. ಸಂಗೀತ ಹಾಕಬೇಡಿ, ಹೆಸರು ಬರೆಯಬೇಡಿ, ಬಣ್ಣವನ್ನು ಅತಿಯಾಗಿ ತಿದ್ದಬೇಡಿ. ಅದೆಲ್ಲ ಅವರ ಕೆಲಸ.

ಶಬ್ದದ ಬಗ್ಗೆ ಎಚ್ಚರ. ಸುಲಿಯುವ ಕಡೆ ಯಾರದ್ದೋ ಮೊಬೈಲಿನಲ್ಲಿ ಹಾಡು ಬರುತ್ತಿರುತ್ತದೆ. ಆ ಹಾಡಿಗೆ ಹಕ್ಕುದಾರರಿದ್ದಾರೆ. ಜೊತೆಗೆ ಅಲ್ಲಿ ಮನೆ ಮನೆಯ ಸುದ್ದಿ ನಡೆಯುತ್ತಿರುತ್ತದೆ. ಸೊಸೆ ತವರಿಗೆ ಹೋದದ್ದು, ಸಂಘದ ಸಾಲದ ಕಂತು, ಯಾರದೋ ಮಗನ ಕುಡಿತ. ಅದು ಕ್ಲಿಪ್ಪಿನಲ್ಲಿ ಹೋಗಬಾರದು. ಕನ್ನಡ ಯಾರಿಗೆ ಅರ್ಥ ಆಗುತ್ತೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕನ್ನಡದವರು ಎಲ್ಲ ಕಡೆ ಇದ್ದಾರೆ. ಆಡಿಯೊ ಪೂರ್ತಿ ತೆಗೆದುಬಿಡುತ್ತೇನೆ.

ಇನ್ನು ಮುಖ. ಜಾಹೀರಾತಿಗೂ ಬಳಸಬಹುದಾದ ಕ್ಲಿಪ್‌ನಲ್ಲಿ ಗುರುತು ಸಿಗುವ ವ್ಯಕ್ತಿ ಇದ್ದರೆ ಅವರ ಸಹಿ ಇರುವ ಮಾಡೆಲ್ ರಿಲೀಸ್, ಅಂದರೆ ಒಪ್ಪಿಗೆ ಪತ್ರ, ಬೇಕು. ಮಕ್ಕಳಾದರೆ ತಂದೆ ಅಥವಾ ತಾಯಿಯ ಸಹಿ. ಸಾಕ್ಷಿಯ ಸಹಿ ಕೇಳುವ ಫಾರ್ಮುಗಳೂ ಇವೆ. ಕಂಪನಿ ಲೋಗೊ, ಹಾಲಿನ ಪ್ಯಾಕೆಟ್ಟು, ಅಂಗಡಿ ಬೋರ್ಡು, ಗಾಡಿ ನಂಬರು ಕಾಣಬಾರದು. ರಿಲೀಸ್ ಇಲ್ಲದಿದ್ದರೆ ಎಡಿಟೋರಿಯಲ್ ಅಂತ ಹಾಕಬಹುದು. ಸುದ್ದಿಗೆ, ಸಾಕ್ಷ್ಯಚಿತ್ರಕ್ಕೆ ಆಗುತ್ತದೆ, ಜಾಹೀರಾತಿಗೆ ಆಗಲ್ಲ. ಊರು, ದಿನಾಂಕ ಸರಿಯಾಗಿ ಬರೆಯಬೇಕು. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿ ಮಾರಿಕಾಂಬಾ ಜಾತ್ರೆಯಂಥದ್ದಕ್ಕೆ ಇದೇ ಸರಿಯಾದ ದಾರಿ. ಸಾವಿರಾರು ಜನರ ಸಹಿ ಯಾರು ತರುತ್ತಾರೆ?

ನಿಯಮ ಇಷ್ಟೇ. ಆದರೆ ನಿಯಮ ಪಾಲಿಸಿದ ಮಾತ್ರಕ್ಕೆ ಕೆಲಸ ಮುಗಿಯಿತು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಕಾರಣ ಅಡಿಕೆಯೇ.

ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ನಮ್ಮ ಕಡೆ ಈ ಮಾತು ಎತ್ತಿದರೆ ಸಭೆಯೇ ಬಿಸಿಯಾಗುತ್ತದೆ. ತಲೆತಲಾಂತರದ ತೋಟ, ಮಕ್ಕಳ ಓದು, ಮದುವೆ, ಆಸ್ಪತ್ರೆ ಎಲ್ಲ ಅದರಲ್ಲೇ ನಡೆದದ್ದು. ಬಾಯಿ ಕ್ಯಾನ್ಸರ್ ಬಂದವರೂ ನಮ್ಮ ನಡುವೆಯೇ ಇದ್ದಾರೆ. ಹಾಗಾಗಿ ನಾನು ಹಾಕಿದ ಅಡಿಕೆ ಕ್ಲಿಪ್ಪು ರೈತರ ಬಗ್ಗೆ ಪ್ರೀತಿಯಿಂದ ಮಾಡಿದ ಚಿತ್ರಕ್ಕೂ ಹೋಗಬಹುದು, ಕ್ಯಾನ್ಸರ್ ಜಾಗೃತಿಯ ಚಿತ್ರಕ್ಕೂ ಹೋಗಬಹುದು. ಪಾನ್ ಮಸಾಲ ಮಾರುವವರೂ ಕೊಳ್ಳಬಹುದು. ಯಾರು ಕೊಂಡರು ಅಂತ ನನಗೆ ತಿಳಿಯುವುದಿಲ್ಲ. ಖಾತೆಯಲ್ಲಿ ಕ್ಲಿಪ್ ನಂಬರು, ದಿನಾಂಕ, ಮೊತ್ತ ಕಾಣುತ್ತದೆ, ಅಷ್ಟೇ.

ಕ್ಯಾನ್ಸರ್ ಜಾಗೃತಿಗೆ ಬಳಸಿದರೆ ನನ್ನ ತಕರಾರಿಲ್ಲ. ಅಂಥ ಚಿತ್ರಗಳು ಬೇಕು. ಆದರೆ ಕೂಲಿಗೆ ಬಂದು ರಾತ್ರಿ ಹತ್ತರವರೆಗೆ ಕೂತು ಸುಲಿಯುವ ಹೆಂಗಸಿನ ಮುಖ ಒಂದು ದಿನ ರೋಗದ ಮಾತಿನ ಪಕ್ಕ ಬಂದರೆ? ಅಡೋಬಿಯಂಥ ಕಂಪನಿಗಳ ಲೈಸೆನ್ಸಿನಲ್ಲಿ ಇದಕ್ಕೆ ತಡೆ ಇದೆ ನಿಜ. ಕಾಯಿಲೆಯಂಥ ಸೂಕ್ಷ್ಮ ವಿಷಯಕ್ಕೆ ಯಾರದಾದರೂ ಮುಖ ಬಳಸಿದರೆ, ಇವರು ಬರೀ ಮಾಡೆಲ್ ಅಂತ ಸ್ಪಷ್ಟವಾಗಿ ಹೇಳಬೇಕು ಅನ್ನುತ್ತದೆ. ಆ ಕಲಂ ಇರುವುದು ಒಳ್ಳೆಯದೇ. ಆದರೆ ಅದು ಮುರಿದಾಗ ಆಕೆಗೆ ಗೊತ್ತಾಗುವುದು ಹೇಗೆ? ಯಾರ ಬಾಗಿಲಿಗೆ ಹೋಗಿ ಕೇಳಬೇಕು?

ಅದಕ್ಕೇ ನಾನು ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ತೋಟದ ಒಡೆಯರ ಎದುರು ಯಾವತ್ತೂ ಸಹಿ ಕೇಳುವುದಿಲ್ಲ. ಅಲ್ಲಿ ಬೇಡ ಅನ್ನುವುದು ಅವರಿಗೆ ಕಷ್ಟ. ಒಡೆಯರು ಪಕ್ಕದಲ್ಲೇ ನಿಂತು, ಹಾಕೇ ಮಾರಾಯ್ತಿ, ಏನಾಗಲ್ಲ ಅಂದುಬಿಡುತ್ತಾರೆ. ಆಕೆಯ ಮನೆಗೆ ಹೋಗುತ್ತೇನೆ. ಓದು ಬಲ್ಲ ಮಗನೋ ಮಗಳೋ ಇದ್ದಾಗ ಹೋಗುತ್ತೇನೆ. ಇಂಗ್ಲಿಷ್ ಫಾರ್ಮಿನ ಸಾರವನ್ನು ಕನ್ನಡದಲ್ಲಿ ಬರೆದು ಇಟ್ಟುಕೊಂಡಿದ್ದೇನೆ, ಅದನ್ನು ಗಟ್ಟಿಯಾಗಿ ಓದುತ್ತೇನೆ. ಇದು ಯಾವ ದೇಶದಲ್ಲಿ, ಯಾವ ವಿಷಯಕ್ಕೆ ಬೇಕಾದರೂ ಬರಬಹುದು. ನಿಮಗೆ ದುಡ್ಡು ಸಿಗುವುದು ಇವತ್ತು ಮಾತ್ರ. ಒಮ್ಮೆ ಮಾರಾಟವಾದದ್ದನ್ನು ವಾಪಸ್ ತರಲು ಆಗುವುದಿಲ್ಲ. ಈ ಮೂರು ಮಾತು ಹೇಳದೆ ಪೆನ್ನು ಕೊಡುವುದಿಲ್ಲ. ಅವತ್ತಿನ ಕೂಲಿಯಷ್ಟು ದುಡ್ಡು ಬೇರೆಯಾಗಿ ಕೊಡುತ್ತೇನೆ. ಸಹಿ ಹಾಕದಿದ್ದರೂ ಕೊಡುತ್ತೇನೆ, ಅವರ ಹೊತ್ತು ಹಾಳಾಗಿರುತ್ತದಲ್ಲ.

ಒಬ್ಬರು ಎಲ್ಲ ಕೇಳಿಸಿಕೊಂಡು, "ನನ್ ಮಖ ಬ್ಯಾಡ. ಕೈ ಬೇಕಾರೆ ತಗಳಿ" ಅಂದರು. ಬೇಡ ಅನ್ನುವುದನ್ನೂ, ಬೇಕಾದರೆ ಇದು ಅನ್ನುವುದನ್ನೂ ಎಷ್ಟು ಸ್ಪಷ್ಟವಾಗಿ ಹೇಳಿದರು ನೋಡಿ. ನನ್ನ ಅಡಿಕೆ ಕ್ಲಿಪ್‌ಗಳಲ್ಲಿ ಚೆನ್ನಾಗಿ ಹೋಗಿರುವುದು ಕೈಗಳೇ. ಕೈಯಲ್ಲಿ ಹಚ್ಚೆಯಂಥ ಗುರುತು ಇಲ್ಲದಿದ್ದರೆ ರಿಲೀಸ್ ಕಡ್ಡಾಯವಲ್ಲ. ಆದರೂ ಕೇಳಿಯೇ ತಗೊಳ್ಳಿ. ಶುರು ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ನನಗೆ ಗೊತ್ತಿಲ್ಲ. ಕೈಗಳಿಗೆ ಬೆಳಕು ಕೊಡಲು ಸುಲಭ, ಕೆಲಸದ ಹಂತ ಅವುಗಳಲ್ಲೇ ಕಾಣುತ್ತದೆ, ಯಾವ ದೇಶದವರಿಗೂ ಅರ್ಥವಾಗುತ್ತದೆ.

ಕ್ಯಾಮೆರಾ ಪ್ರಶ್ನೆಗೆ ಉತ್ತರ: ಈಗ ಇರುವುದೇ ಸಾಕು. 4ಕೆ ಹಿಡಿಯುವ ಫೋನು, ಗಟ್ಟಿ ಟ್ರೈಪಾಡು. ದುಡ್ಡು ಇದ್ದರೆ ಮೊದಲು ಟ್ರೈಪಾಡಿಗೆ ಹಾಕಿ. ಡ್ರೋನ್ ಆಸೆ ಇದ್ದರೆ 2021ರ ಡ್ರೋನ್ ನಿಯಮಗಳನ್ನು ಓದಿ, ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗ ಯಾವ ಬಣ್ಣದಲ್ಲಿದೆ ನೋಡಿ. ಇಕ್ಕೇರಿ, ಕೆಳದಿಯಂಥ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ದೇವಸ್ಥಾನಗಳಲ್ಲಿ ಟ್ರೈಪಾಡ್ ಇಟ್ಟು ಶೂಟ್ ಮಾಡಲು ಅನುಮತಿ ಬೇಕು. ಕಾಡಿನೊಳಗಾದರೆ ಅರಣ್ಯ ಇಲಾಖೆ.

ಕೀವರ್ಡ್, ಅಂದರೆ ಕೊಳ್ಳುವವರು ಹುಡುಕುವ ಪದಗಳನ್ನು, ಬರೆಯುವುದನ್ನು ಬೇಸರದ ಕೆಲಸ ಅಂತ ಕೊನೆಗೆ ತಳ್ಳಬೇಡಿ. ಅಡೋಬಿಯಲ್ಲಿ 49ರವರೆಗೆ ಹಾಕಬಹುದು, ಮೊದಲ ಹತ್ತಕ್ಕೆ ತೂಕ ಜಾಸ್ತಿ. ಶಟರ್‌ಸ್ಟಾಕ್‌ನಲ್ಲಿ ಮಿತಿ 50. ಸಿಕ್ಕಿದ್ದೆಲ್ಲ ತುಂಬುವ ಬದಲು ಬೆಳೆ, ಕೆಲಸ, ಉಪಕರಣ, ಊರು, ರಾಜ್ಯ, ಋತು ಬರೆಯಿರಿ. ಶಿವಮೊಗ್ಗ ಅಂತ ಬರೆದರೆ ಯಾರು ಹುಡುಕುತ್ತಾರೆ ಅನ್ನಿಸಬಹುದು. ನಿಜವಾದ ಜಾಗದ ದೃಶ್ಯ ಬೇಕಾದವರು ಹುಡುಕುತ್ತಾರೆ. ಅವರು ಪಕ್ಕದ ಕ್ಲಿಪ್ಪಿಗೆ ಹೋಗದೆ ನಿಮ್ಮದನ್ನು ಕೊಳ್ಳುವುದು ಅದಕ್ಕೇ.

ಕೃತಕ ಬುದ್ಧಿಮತ್ತೆ ಬಂದ ಮೇಲೆ ಇದೆಲ್ಲ ಇನ್ನೂ ಬೇಕಾ ಅಂತ ಕೇಳುತ್ತಾರೆ. 2024ರ ಫೆಬ್ರುವರಿಯಲ್ಲಿ ಓಪನ್‌ಎಐ ಕಂಪನಿ ಬರಹದಿಂದ ವಿಡಿಯೊ ಮಾಡುವ ಸೋರಾ ತೋರಿಸಿದಾಗಿನಿಂದ ಈ ಭಯ ಹೆಚ್ಚಾಗಿದೆ. ಸೂರ್ಯೋದಯ, ಅಲೆ, ಕೈಕುಲುಕುವ ಸೂಟುಧಾರಿಗಳು, ಇವನ್ನು ಯಂತ್ರವೇ ಮಾಡಿಕೊಡುತ್ತದೆ. ಆ ಮಾರುಕಟ್ಟೆ ಕರಗುತ್ತದೆ. ಮೆಟ್ಟುಗತ್ತಿಗೆ ಅಡಿಕೆ ಒತ್ತುವ ಕೋನ, ಬಟ್ಟೆ ಸುತ್ತಿದ ಹೆಬ್ಬೆರಳು, ಇವು ಇನ್ನೂ ಬಹಳ ದಿನ ನಮ್ಮ ಅಂಗಳದಿಂದಲೇ ಹೋಗಬೇಕು ಅಂತ ನಾನು ನಂಬಿದ್ದೇನೆ.

ಆದರೆ ಆ ಯಂತ್ರಗಳು ಕಲಿಯುವುದೂ ನಮ್ಮಂಥವರ ಸಂಗ್ರಹದಿಂದಲೇ. 2023ರ ಮಾರ್ಚ್‌ನಲ್ಲಿ ಬಂದ, ಚಿತ್ರ ಮಾಡಿಕೊಡುವ ಅಡೋಬಿ ಫೈರ್‌ಫ್ಲೈ ಅಡೋಬಿ ಸ್ಟಾಕಿನ ಚಿತ್ರಗಳಿಂದ ಕಲಿತದ್ದು. ಅದಕ್ಕಾಗಿ ಕೊಡುಗೆದಾರರಿಗೆ ಅದೇ ವರ್ಷ ಬೋನಸ್ ಕೂಡ ಕೊಟ್ಟರು. ಶಟರ್‌ಸ್ಟಾಕ್ ಕೂಡ ಇಂಥ ಯಂತ್ರಗಳು ಕಲಿಯಲು ಡೇಟಾ ಮಾರುತ್ತದೆ, ಅದರಲ್ಲಿ ಪಾಲು ಕೊಡುತ್ತದೆ. ಕೆಲವು ಕಡೆ ಬೇಡ ಅನ್ನುವ ಆಯ್ಕೆ ಖಾತೆಯ ಸೆಟ್ಟಿಂಗ್ಸ್‌ನಲ್ಲಿದೆ, ಹೋಗಿ ನೋಡಿ. ನನಗೆ ಬೋನಸ್ ಬರುತ್ತದೆ, ಸಹಿ ಹಾಕಿದವರಿಗೆ ಬರುವುದಿಲ್ಲ. ಈಗ ನಾನು ಓದುವ ಮೂರು ಮಾತಿಗೆ ನಾಲ್ಕನೆಯದು ಸೇರಿದೆ: ನಿಮ್ಮ ಮುಖ ನೋಡಿ ಕಂಪ್ಯೂಟರ್ ಹೊಸ ಮುಖಗಳನ್ನು ಮಾಡಲು ಕಲಿಯಬಹುದು.

ಈ ಮಾತು ಹುಟ್ಟುವ ಮುಂಚೆ ಸಹಿ ಹಾಕಿದವರೂ ಇದ್ದಾರಲ್ಲ. ಕಳೆದ ಮಳೆಗಾಲದಲ್ಲಿ, ಕೊಯ್ಲಿನ ಗಡಿಬಿಡಿ ಶುರುವಾಗುವ ಮುಂಚೆ, ಅವರ ಮನೆಗಳಿಗೆ ಹೋಗಿ ಇದನ್ನು ಹೇಳಿ ಬಂದೆ. ಕೆಲವರು, ಇರಲಿ ಬಿಡಿ ಅಂದರು. ಒಬ್ಬ ಹುಡುಗಿ ತನ್ನ ಅಜ್ಜಿಯ ಕ್ಲಿಪ್ ಬೇಡ ಅಂದಳು, ಅಜ್ಜಿ ಹೂಂ ಅಂದರು. ಅವತ್ತೇ ತೆಗೆದೆ. ಆಗಲೇ ಮಾರಾಟವಾಗಿದ್ದು ತೆಗೆಯಲು ಬರುವುದಿಲ್ಲ ಅಂತಲೂ ಹೇಳಿದೆ. ಎಷ್ಟು ಮಾರಾಟ ಆಗಿದೆ ಅಂತ ಹುಡುಗಿ ಕೇಳಿದಳು. ಖಾತೆ ತೆರೆದು ಆ ಸಾಲುಗಳನ್ನು ಅವಳಿಗೆ ತೋರಿಸಿದೆ, ಬಂದಿದ್ದ ದುಡ್ಡಿನ ಲೆಕ್ಕವನ್ನೂ ತೋರಿಸಿದೆ.